ಭರಣಿಗೆ ಅಂಟಿಸಿದ ಚೀಟಿ

ಮಾಂಯ್ ಅವರ ಕಣ್ಣಿನ ಆಪರೇಷನ್ ಎರಡನೆಯ ಸಲವೂ ಮುಂದೆ ಹೋದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾಂಯ್ ಅಂದರೆ ನನ್ನ ಗಂಡನ ತಾಯಿ. ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಅತ್ತೆಯನ್ನು ಕರೆಯುವುದು ಹಾಗೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಂಜೆ ಪ್ರಾರ್ಥನೆಯ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಬಾಯಿಪಾಠ ಹೇಳುತ್ತಿದ್ದರು. ಅಂಗಳಕ್ಕೆ ಬಂದವರನ್ನು ಸ್ವರದ ಮೇಲೆ ಗುರುತು ಹಿಡಿಯುತ್ತಿದ್ದರು.

ನಮ್ಮ ಮನೆ ಕಾರ್ಕಳದಿಂದ ಬಜಗೋಳಿಗೆ ಹೋಗುವ ದಾರಿಯಲ್ಲಿ. ಅಲ್ಲಿಂದ ಬೆಳಿಗ್ಗೆಯೇ ಹೊರಟು ಮಣಿಪಾಲಕ್ಕೆ ಹೋಗಿ, ಆಸ್ಪತ್ರೆಯ ಹಸಿರು ಅಂಗಿ ತೊಡಿಸಿ, ಕಣ್ಣಿಗೆ ಹನಿ ಹಾಕಿಸಿ ಆದ ಮೇಲೆ ಬಿಪಿ ನೋಡಿದ ಡಾಕ್ಟರು ತಲೆಯಾಡಿಸಿದರು. ಮೊದಲ ಸಲವೂ ಹೀಗೆಯೇ ಆಗಿತ್ತು. "ಇಷ್ಟು ಬಿಪಿ ಇಟ್ಟುಕೊಂಡು ಕಣ್ಣಿಗೆ ಕೈ ಹಾಕಲಿಕ್ಕೆ ಆಗುವುದಿಲ್ಲ. ಮಾತ್ರೆ ಸರಿಯಾಗಿ ಕೊಡ್ತಾ ಇದ್ದೀರಿ, ಅಲ್ವಾ? ಹಾಗಾದರೆ ಊಟದಲ್ಲಿ ಎಂತ ಆಗ್ತಾ ಉಂಟು ನೋಡಬೇಕು" ಎಂದು ನಮ್ಮನ್ನು ಆಹಾರ ತಜ್ಞೆಯ ಕೋಣೆಗೆ ಕಳುಹಿಸಿದರು.

ಸಿಟ್ಟು ಬಂದದ್ದು ಅದಕ್ಕೇ. ಊಟದಲ್ಲಿ ಎಂತ ಆಗಬೇಕು? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪೋಷಕಾಂಶಗಳ ಪಾಠವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಮೊದಲ ಸಲ ವಾಪಸು ಕಳುಹಿಸಿದಾಗ "ಉಪ್ಪು ತುಂಬಾ ಕಡಿಮೆ ಮಾಡಿ, ಪ್ರೊಟೀನ್ ಚೆನ್ನಾಗಿ ಕೊಡಿ" ಎಂದಿದ್ದರು. ಬಂದವಳೇ ಅಡುಗೆಮನೆಯಲ್ಲಿ ಯುದ್ಧ ಸಾರಿದ್ದೆ. ಉಪ್ಪಿನಕಾಯಿ, ಹಪ್ಪಳ, ಮಲ್ಪೆಯಿಂದ ತರಿಸಿದ್ದ ಒಣಮೀನು, ಎಲ್ಲವನ್ನೂ ಕಟ್ಟಿ ಕಾಪುವಿನ ನನ್ನ ತವರಿಗೆ ಸಾಗಿಸಿದೆ. ಗಂಜಿಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ. ಗಂಡ ಮುಖ ಊದಿಸಿಕೊಂಡು ಉಣ್ಣುತ್ತಿದ್ದರು. ಮಾಂಯ್ ಮಾತ್ರ ಒಂದು ದಿನವೂ ಗೊಣಗಲಿಲ್ಲ. ಅಲಸಂಡೆ ಪಲ್ಯವನ್ನು ಎರಡೆರಡು ಸಲ ಹಾಕಿಸಿಕೊಂಡರು. ಉಪ್ಪಿಲ್ಲದೆಯೂ ರುಚಿಯಾಗಿ ಅಡುಗೆ ಮಾಡುವುದು ನನಗೆ ಸಿದ್ಧಿಸಿತು ಎಂದು ಒಳಗೊಳಗೇ ಬೀಗಿದ್ದೆ.

ಆಹಾರ ತಜ್ಞೆ ಅಂಬಲಪಾಡಿಯ ಹುಡುಗಿ, ಸಸ್ಯಾಹಾರಿಗಳ ಮನೆಯವಳು. ದಿನದಿನದ ಊಟ ಬರೆದಿಟ್ಟ ನನ್ನ ಪುಸ್ತಕವನ್ನು ಅವಳ ಮುಂದಿಟ್ಟು, ತಪ್ಪು ಹುಡುಕು ನೋಡುವಾ ಎಂಬಂತೆ ಕುಳಿತೆ. ಅವಳು ಬೆರಳಿಟ್ಟುಕೊಂಡು ಓದಿದಳು.

"ಟೀಚರ್, ಇಲ್ಲಿ 'ಉಪ್ಪಿಲ್ಲದ ಅಲಸಂಡೆ ಪಲ್ಯ, ಹಂದಿಮಾಂಸ ಎರಡು ತುಂಡು' ಅಂತ ಉಂಟು. ದಿನಾ ಉಂಟು. ದಿನಾ ಮಾಂಸ ತರ್ತೀರಾ?"

"ದಿನಾ ಯಾಕೆ ತರುವುದು? ಮನೆಯಲ್ಲಿ ಭರಣಿಯಲ್ಲಿ ಉಂಟು."

"ಫ್ರಿಜ್ಜಲ್ಲಿ?"

"ಅಲ್ಲ, ಅಟ್ಟದ ಕೆಳಗೆ."

"ನಾನು ತಿನ್ನುವವಳಲ್ಲ, ಗೊತ್ತಿಲ್ಲದೆ ಕೇಳ್ತೇನೆ. ಹೊರಗೆ ಇಟ್ಟರೆ ಮಾಂಸ ಹಾಳಾಗುವುದಿಲ್ವಾ?"

"ಆರು ತಿಂಗಳಾದರೂ ಎಂತ ಆಗುವುದಿಲ್ಲ. ಉಪ್ಪಿನಲ್ಲಿ..." ಎಂದವಳು ನಾಲಿಗೆ ಕಚ್ಚಿಕೊಂಡೆ. ಅವಳು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ನಮ್ಮ ಮನೆಯ ಕ್ರಮ ಅದು. ಊರಿನ ಇಗರ್ಜಿಯ ಹಬ್ಬಕ್ಕೆ ನಾಲ್ಕು ಮನೆಯವರು ಸೇರಿ ಹಂದಿ ಕಡಿದು ಪಾಲು ಮಾಡಿಕೊಳ್ಳುವಾಗ ಒಂದಷ್ಟು ಮಾಂಸಕ್ಕೆ ಹರಳುಪ್ಪು, ಅರಸಿನ, ಕರಿಮೆಣಸು ತಿಕ್ಕಿ, ಭರಣಿಯಲ್ಲಿ ಒತ್ತಿ, ಮೇಲೆ ಕಲ್ಲು ಹೇರಿ ಇಡುತ್ತೇವೆ. ಅದು ಮಾಂಯ್ ಅವರದೇ ಕೈಕೆಲಸ. ಅದನ್ನು ನಾವು ಮಾಂಸ ಎನ್ನುತ್ತೇವೆಯೇ ಹೊರತು ಉಪ್ಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಪ್ಪು ಅಂದರೆ ಅಡುಗೆ ಮಾಡುವಾಗ ಕೈಯಿಂದ ಬೀಳುವಂಥದ್ದು. ಹಾಗಾಗಿ ಪ್ರೊಟೀನ್ ಹೆಚ್ಚಿಸಿ ಎಂದಾಗ ಈ ವಿಜ್ಞಾನದ ಟೀಚರ್ ಮಾಡಿದ್ದು ಇಷ್ಟೇ: ಒಂದು ತುಂಡು ಹಾಕುವಲ್ಲಿ ಎರಡು ಹಾಕಿದೆ. ಪಲ್ಯದ ರುಚಿಯ ಗುಟ್ಟೂ ಅದೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ವಾಪಸು ಬರುವಾಗ ಮಾಂಯ್ ಕಾರಿನಲ್ಲಿ ಮಗಳನ್ನು ಕರೆಯುವ ಹಾಗೆ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಬಾಯೆ, ಮೂರನೇ ಸಲ ನಾನು ಬರುವುದಿಲ್ಲ. ಹಸಿರು ಅಂಗಿ ಹಾಕಿಸಿ, ಬಿಚ್ಚಿಸಿ ಕಳಿಸುವುದು ಸಾಕಾಯಿತು. ಇರುವಷ್ಟು ದಿನ ಹೀಗೇ ಇರ್ತೇನೆ."

ಇಲ್ಲ, ಅವರು ಹೀಗೇ ಇರುವುದಿಲ್ಲ, ನೋಡಿಯೇ ನೋಡುತ್ತಾರೆ ಎಂದು ನಾನು ಆಗಲೇ ಪಟ್ಟು ಹಿಡಿದೆ.

ಮರುದಿನವೇ ಶಾಲೆ ಬಿಟ್ಟ ಮೇಲೆ ಉಡುಪಿಯ ಒಂದು ದೊಡ್ಡ ಅಂಗಡಿಗೆ ಹೋದೆ. ತಣ್ಣಗಿನ ಪೆಟ್ಟಿಗೆಯಲ್ಲಿದ್ದ ಹ್ಯಾಮ್, ಬೇಕನ್ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಹಿಂಬದಿಯ ಸಣ್ಣ ಅಕ್ಷರ ಓದಿದೆ. ಪ್ರೊಟೀನ್, ಕೊಬ್ಬು, ಸೋಡಿಯಂ. ಸೋಡಿಯಂ ಎಂದು ಬರೆದದ್ದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ ಎಂದು ಮಕ್ಕಳಿಗೆ ಲೆಕ್ಕ ಕೊಡುವವಳು ನಾನೇ. ಗುಣಿಸುತ್ತ ಹೋದೆ. ನೋಡಲು ಸಪ್ಪೆಯಾಗಿ, ಗುಲಾಬಿ ಬಣ್ಣಕ್ಕೆ ಇದ್ದ ಹ್ಯಾಮ್ ಕೂಡ ಸಾಧುವಾಗಿರಲಿಲ್ಲ. ಆದರೂ ಅದರ ಬೆನ್ನ ಮೇಲೆ ಅದರ ಜಾತಕ ಇತ್ತು. ನಮ್ಮ ಭರಣಿಗೆ ಅದಿಲ್ಲ. ಹಾಗಾದರೆ ನಾನೇ ಬರೆಯುತ್ತೇನೆ ಎಂದುಕೊಂಡು ಮನೆಗೆ ಬಂದೆ.

"ಒಂದು ಕಿಲೋ ಮಾಂಸಕ್ಕೆ ಎಷ್ಟು ಉಪ್ಪು ಹಾಕ್ತೀರಿ ಮಾಂಯ್?"

"ಮೂರು ಮುಷ್ಟಿ. ನನ್ನ ಮುಷ್ಟಿ, ನಿನ್ನದಲ್ಲ."

ತಕ್ಕಡಿಯ ಮೇಲೆ ತಟ್ಟೆ ಇಟ್ಟು, ಹರಳುಪ್ಪಿನ ಡಬ್ಬವನ್ನು ಅವರ ಕೈಗೆ ತಾಗಿಸಿದೆ. ಮುಷ್ಟಿ ತುಂಬಿ ಸುರಿದರು: ನಲವತ್ತೆರಡು ಗ್ರಾಂ. ಇನ್ನೊಮ್ಮೆ ಎಂದೆ: ನಲವತ್ತೊಂದು. ಮತ್ತೊಮ್ಮೆ: ನಲವತ್ತೆರಡು. ಮಂಜು ಕವಿದ ಕಣ್ಣಿನ ಆ ಕೈಗೆ ಮನಸ್ಸಿನಲ್ಲೇ ಕೈ ಮುಗಿದೆ. ನಾನು ಹಾಕಿದ ಮೂರು ಮುಷ್ಟಿಯಲ್ಲಿ ಒಂದೂ ಇನ್ನೊಂದಕ್ಕೆ ಹೊಂದಲಿಲ್ಲ. ಮಾಂಸ ಬಿಟ್ಟ ಉಪ್ಪುನೀರನ್ನು ಅಂದಾಜಿನಲ್ಲಿ ಕಳೆದರೂ, ಒಂದೊಂದು ತುಂಡಿನಲ್ಲಿ ಹತ್ತಿರಹತ್ತಿರ ಒಂದು ಸಣ್ಣ ಚಮಚ ಉಪ್ಪು. ಇಡೀ ದಿನಕ್ಕೆ ಅಷ್ಟೂ ಬೇಡ ಎಂದು ಡಾಕ್ಟರು ಹೇಳಿದವರಿಗೆ ನಾನು ಎರಡು ಚಮಚ ತಿನ್ನಿಸಿದ್ದೆ.

ನೋಟ್ ಪುಸ್ತಕದ ಹಾಳೆ ಹರಿದು, ಕಪ್ಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಭರಣಿಗೆ ಅಂಟಿಸಿದೆ.

"ಎಂತ ಬರೆದದ್ದು? ಓದು" ಎಂದರು ಮಾಂಯ್.

"ಒಂದು ತುಂಡಿನಲ್ಲಿ: ಪ್ರೊಟೀನ್ ಒಂದು ಮೊಟ್ಟೆಯಷ್ಟು. ಕೊಬ್ಬು ಅದಕ್ಕಿಂತ ಹೆಚ್ಚು. ಬಿ-ಒಂದು ಜೀವಸತ್ವ ಉಂಟು. ಉಪ್ಪು ಒಂದು ಚಮಚ."

"ಅಷ್ಟೇಯಾ?"

"ಅಷ್ಟೇ."

ಅಷ್ಟೇ ಆಗಿರಲಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಓದುವ ಧೈರ್ಯ ನನಗಾಗಲಿಲ್ಲ.

ಅವರಿಗೆ ನೋವಾಗಿತ್ತು. "ನಲವತ್ತು ವರ್ಷ ಇದನ್ನೇ ಹಾಕಿ ಮಕ್ಕಳನ್ನು ಸಾಕಿದ್ದೇನೆ. ಈಗ ಇದು ವಿಷವಾ?" ಎಂದು ಕೇಳಿದರು. ವಿಷವಲ್ಲ ಮಾಂಯ್, ಆಪರೇಷನ್ ಆಗುವವರೆಗೆ ಮಾತ್ರ ಬೇಡ, ಆಮೇಲೆ ನಾನೇ ಬೇಯಿಸಿ ಕೊಡ್ತೇನೆ ಎಂದೆ. ಶುದ್ಧ ಸುಳ್ಳು.

ಆಮೇಲಿನ ವಾರಗಳಲ್ಲಿ ನಾನು ಮೊಂಡು ಹಿಡಿದ ಎತ್ತಿನಂತಾಗಿದ್ದೆ. ಹಸಿ ಹಂದಿಮಾಂಸದ ಕೊಬ್ಬು ತೆಗೆಸಿ ತಂದು, ಶುಂಠಿ, ಬೆಳ್ಳುಳ್ಳಿ, ಹುಣಸೆ ಹಾಕಿ ಉಪ್ಪಿಲ್ಲದೆ ಬೇಯಿಸಿದೆ. ಭರಣಿಯ ತುಂಡನ್ನೇ ನೆನೆಹಾಕಿ ಮೂರು ಸಲ ನೀರು ಚೆಲ್ಲಿ ನೋಡಿದೆ. ಮೂರನೆಯ ನೀರೂ ಬಾಯಿಗಿಟ್ಟರೆ ಕಾಪುವಿನ ಸಮುದ್ರದಂತೆಯೇ ಇತ್ತು. ಹಾಗಾಗಿ ಅದೂ ಬೇಡವೆಂದೆ. ನಿಜವಾಗಿಯೂ ಉಪ್ಪಿಲ್ಲದ ಪಲ್ಯವನ್ನು ಮಾಂಯ್ ಈಗ ತಿಂದರು, ಒಂದೇ ಸಲ ಹಾಕಿಸಿಕೊಂಡು. ಬೆಳಿಗ್ಗೆ ಸಂಜೆ ಬಿಪಿ ಬರೆದಿಟ್ಟೆ. ಮೆಟ್ಟಿಲು ಇಳಿದಂತೆ ಒಂದೊಂದಾಗಿ ಇಳಿಯಿತು. ಮೂರನೆಯ ಸಲ ಮಣಿಪಾಲಕ್ಕೆ ಹೊರಡಿಸಲು ಅರ್ಧ ದಿನ ಜಗಳವಾಡಬೇಕಾಯಿತು, ಆಡಿದೆ. ಆ ಸಲ ಹಸಿರು ಅಂಗಿ ತೊಟ್ಟ ಮಾಂಯ್ ಆಪರೇಷನ್ ಕೋಣೆಯ ಒಳಗೆ ಹೋದರು. ಹೊರಗೆ ಬೆಂಚಿನ ಮೇಲೆ ಕುಳಿತು ನಾನು ಅತ್ತುಬಿಟ್ಟೆ.

ಮರುದಿನ ಆ ಒಂದು ಕಣ್ಣಿನ ಪಟ್ಟಿ ಬಿಚ್ಚಿ ಹನಿ ಬರೆದುಕೊಟ್ಟು ಕಳುಹಿಸಿದರು. ಮನೆಗೆ ಬಂದ ಮಾಂಯ್, ಕಪ್ಪು ಕನ್ನಡಕ ಹಾಕಿಕೊಂಡು ನೇರ ಅಡುಗೆಮನೆಗೆ ನಡೆದರು. "ಆಪರೇಷನ್ ಆಯಿತಲ್ಲ ಬಾಯೆ. ಒಂದು ತುಂಡು ಬೇಯಿಸು" ಎಂದು ನಗುತ್ತಲೇ ಭರಣಿಯ ಮುಂದೆ ನಿಂತರು. ಕನ್ನಡಕ ತೆಗೆದರು.

ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಪ್ರೊಟೀನ್. ಕೊಬ್ಬು. ಜೀವಸತ್ವ. ಉಪ್ಪು. ಆಮೇಲೆ ಕೊನೆಯ ಸಾಲು: "ಮಾಂಯ್ ಅವರಿಗೆ ಇನ್ನು ಯಾವತ್ತೂ ಕೊಡಬಾರದು."

"ಇದನ್ನು ನೀನು ಓದಿ ಹೇಳಲಿಲ್ಲ."

"ಇಲ್ಲ ಮಾಂಯ್. ಸುಳ್ಳು ಹೇಳಿದೆ."

ಅವರು ಆ ಸಾಲಿನ ಮೇಲೆ ಬೆರಳಾಡಿಸಿದರು. ಕನ್ನಡಕ ಮತ್ತೆ ಹಾಕಿಕೊಂಡು ಮಣೆಯ ಮೇಲೆ ಕುಳಿತು, ನಾನು ಬಡಿಸಿದ ಸಪ್ಪೆ ಗಂಜಿಯನ್ನು ಎಳೆದುಕೊಂಡರು. ಎರಡು ತುತ್ತು ಉಂಡ ಮೇಲೆ ಕೇಳಿದರು:

"ಇನ್ನೊಂದು ಕಣ್ಣಿಗೆ ಯಾವಾಗ ಹೋಗುವುದು?"