ಟವೆಲ್ಲಿನ ಕೆಳಗೆ ಏಳು

ಮೈಯಲ್ಲಿ ಕೆಲವು ಜಾಗಗಳಿಗೆ ನಮ್ಮ ಮನೆಯಲ್ಲಿ ಹೆಸರೇ ಇಲ್ಲ. ಹೀಗಾಗಿ ನನ್ನ ಕರುಳಿನ ಕಟ್ಟಕಡೆಯಲ್ಲಿ, ಇನ್ನೇನು ಹೊರಗೆ ಬಿದ್ದೀತು ಎನ್ನುವಲ್ಲಿ, ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬೆಳೆದಾಗ ನಮ್ಮೂರು ನಿಲಂಗಾದ ತುಂಬ ಅದು ‘ಹೊಟ್ಟೆನೋವು’ ಎಂದೇ ಸುದ್ದಿಯಾಯಿತು. ನಮ್ಮ ಕಾಳಿನ ದಲಾಲಿಯ ಅಡತ್ ಅಂಗಡಿಗೆ ಬಂದವರೆಲ್ಲ ಓಂಕಾಳು, ಇಂಗು ಎಂದು ಔಷಧಿ ಹೇಳಿ ಹೋದರು. ನಾನು ಗಾದಿಯ ಮೇಲೆ ಒಂದೇ ಕಡೆಗೆ ವಾಲಿ ಕುಳಿತು ಎಲ್ಲರಿಗೂ ಹೂಂ ಅಂದೆ. ಅದಕ್ಕೂ ಮೊದಲು ಎಂಟು ತಿಂಗಳು ಇದು ಮೂಲವ್ಯಾಧಿ ಎಂದು ನಾನೇ ತೀರ್ಮಾನಿಸಿ ಗಾಡಿಗಟ್ಟಲೆ ಮೂಲಂಗಿ ತಿಂದಿದ್ದೆ. ನನ್ನಂಥ ಜಾಣರಿಂದಲೇ ಡಾಕ್ಟರುಗಳ ಸಂಸಾರ ನಡೆಯುತ್ತದೆ.

ಉದಗೀರದಲ್ಲಿ ಆಪರೇಶನ್ ಮಾಡಿದ ಡಾಕ್ಟರು ಔರಾದ ಶಹಾಜನಿ ಕಡೆಯ ಹೆಣ್ಣುಮಗಳು. ಅರ್ಧ ಮರಾಠಿ, ಅರ್ಧ ಕನ್ನಡ, ಎರಡರಲ್ಲೂ ಗದರಿಸುತ್ತಿದ್ದರು.

“ಇದು ಎಲ್ಲಾರಿಗೂ ಬರೋ ಕರುಳಿನ ಕ್ಯಾನ್ಸರ್ ಅಲ್ರಿ ಕಾಕಾ. ಒಳಗಿನ ಪದರಾ ಬಿಟ್ಟು ಗ್ವಾಡಿಯೊಳಗ ಬೆಳದದ. ಭಾಳ ಅಪರೂಪ.”

ಅಪರೂಪ ಅಂದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ನಮ್ಮ ಮನೆತನದಲ್ಲಿ ಯಾರಿಗೂ ಯಾವುದೂ ಅಪರೂಪದ್ದು ಬಂದಿರಲಿಲ್ಲ.

“ತಗದದ್ದನ್ನ ತಪಾಸಣಿಗೆ ಕಳಿಸೀನಿ,” ಅಂದರು. “ಅದನ್ನ ತೆಳ್ಳಗ ಹೆಚ್ಚಿ ಗಾಜಿನ ಮ್ಯಾಲ ಇಟ್ಟು, ಒಂದು ಅಳತಿ ಜಾಗಾದಾಗ ಎಷ್ಟು ಜೀವಕೋಶ ಒಡದು ಎರಡಾಗ್ಲಿಕತ್ತಾವ ಅಂತ ಎಣಸ್ತಾರ. ಐದರೊಳಗಿದ್ರ ಚಿಂತಿ ಕಡಿಮಿ. ಐದು ದಾಟಿದ್ರ ಅದು ತಿರುಗಿ ಬರೋ ಗಿರಾಕಿ. ಅದರಾಗ ನಿಮಗ ಆದ ಜಾಗಾನೂ ಚಲೋದಲ್ಲ.”

ಆಮೇಲಿನ ಹತ್ತು ದಿನ ನಾನು ಐದರೊಳಗೆ ಬದುಕಿದೆ. ತಾಟಿನಲ್ಲಿ ಆರನೆಯ ಜೋಳದ ಭಕ್ರಿ ಬಿದ್ದರೆ ಎತ್ತಿ ಆಚೆ ಇಡುತ್ತಿದ್ದೆ. ಹೆಂಡತಿ ನನಗೆ ಹುಚ್ಚು ಹಿಡಿದಿದೆ ಎಂದಳು. ಐದು ಭಕ್ರಿ ತಿನ್ನುವ ರೋಗಿಯನ್ನು ಅವಳು ಮೊದಲು ಕಂಡಿರಲಿಲ್ಲ.

ರಿಪೋರ್ಟ್ ಬರುವ ದಿನ ಡಾಕ್ಟರು ನಾಲ್ಕು ಗಂಟೆಗೆ ಬರಹೇಳಿದ್ದರು. ನನ್ನ ಜೊತೆ ಅಂಗಡಿ ನಡೆಸುವ ಅಣ್ಣನಿಗೆ ತಾಳ್ಮೆ ಎಲ್ಲಿಯದು? ಬೆಳಿಗ್ಗೆಯೇ ಹೋಗಿ ಕಾಗದ ಈಸಿಕೊಂಡು, ಅಲ್ಲಿದ್ದವರಿಂದ ಓದಿಸಿಕೊಂಡಿದ್ದ. ಹನ್ನೊಂದಕ್ಕೆ ನಾನೂ ಹೆಂಡತಿಯೂ ಬಸ್ಸಿಳಿದು ಹೋದಾಗ ದವಾಖಾನೆಯ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಸುತ್ತ ಹತ್ತಾರು ಜನ. ಬಾಯಿಬಿಟ್ಟು ಹೇಳುವಂತಿಲ್ಲ, ಅದೂ ನನ್ನ ಹೆಂಡತಿಯ ಎದುರಿಗೆ. ಅಣ್ಣ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈಮೇಲೆ ಹಾಕಿಕೊಂಡು ನನ್ನ ಕಡೆ ಚಾಚಿದ.

ನಮ್ಮಪ್ಪ ಮೋಂಢಾದಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ತೊಗರಿಯ ಬೆಲೆ ಹೀಗೆಯೇ ಕುದುರಿಸುತ್ತಿದ್ದ. ಟವೆಲ್ಲಿನ ಕೆಳಗೆ ಇಬ್ಬರೂ ಕೈಹಿಡಿಯಬೇಕು. ಎಷ್ಟು ಬೆರಳು ಹಿಡಿದರೋ ಅಷ್ಟು. ಇಡೀ ಹಸ್ತ ಹಿಡಿದರೆ ಐದು. ಅದಕ್ಕೂ ಮೇಲಿದ್ದರೆ ಬಿಟ್ಟು ಮತ್ತೊಮ್ಮೆ ಹಿಡಿಯಬೇಕು. ಪಕ್ಕದಲ್ಲಿ ನಿಂತವನಿಗೂ ಗುಟ್ಟು ತಿಳಿಯದು. ಈಗೆಲ್ಲ ಕೂಗಿ ಹರಾಜು ಹಾಕುತ್ತಾರೆ, ಆದರೆ ಕಲಿತ ಕೈ ಮರೆಯುತ್ತದೆಯೇ?

ಅಣ್ಣ ನನ್ನ ಇಡೀ ಹಸ್ತ ಹಿಡಿದ. ಬಿಟ್ಟ. ಮತ್ತೆ ಎರಡು ಬೆರಳು ಹಿಡಿದ.

ಏಳು.

ನಾನು ಏನು ಮಾಡಿದೆ ಎಂದು ಹೇಳಲು ಇವತ್ತಿಗೂ ನಗು ಬರುತ್ತದೆ. ನಾನು ಅವನ ಎರಡು ಬೆರಳು ಹಿಡಿದೆ. ಏಳಕ್ಕೆ ಬೇಡ, ಎರಡಕ್ಕೆ ಕೊಡು! ಅಣ್ಣ ನನ್ನ ಮುಖ ನೋಡಿದ. ಕೈ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಐದಕ್ಕೆ ಇಳಿದ. ನಾನು ಎರಡನ್ನೇ ಹಿಡಿದು ಕೂತೆ. ನಾಲ್ಕಕ್ಕೆ ಬಂದ. ನಾನು ಅಲುಗಲಿಲ್ಲ. ಕೊನೆಗೆ ಮೂರು ಬೆರಳು ಒತ್ತಿ, ನನ್ನ ಅಂಗೈಗೆ ಪಟ್ಟನೆ ಬಡಿದು ವ್ಯವಹಾರ ಮುಗಿಸಿದ.

ತಲೆ ನೆಟ್ಟಗಿದ್ದವನು ಇದನ್ನು ನಂಬುತ್ತಾನೆಯೇ? ನಾನು ನಂಬಿದೆ. ಮೋಂಢಾದಲ್ಲಿ ಹುಟ್ಟಿದ ಯಾವನೂ ಮೊದಲು ಹೇಳಿದ ಬೆಲೆಯನ್ನು ಖರೆ ಎಂದು ತಿಳಿಯುವುದಿಲ್ಲ. ಅಣ್ಣ ರೂಢಿಯಂತೆ ಏರಿಸಿ ಹೇಳಿದ್ದಾನೆ, ಖರೆ ಬೆಲೆ ಮೂರು. ಅಷ್ಟು ತಿಳಿದದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲೊಲ್ಲವು.

ಸ್ಟ್ಯಾಂಡಿನ ಹತ್ತಿರ ಮೆಣಸಿನಕಾಯಿ ಭಜಿ ತಿಂದೆ, ಡಾಕ್ಟರು ಕಟ್ಟುನಿಟ್ಟಾಗಿ ಬೇಡವೆಂದ ಭಜಿ, ಅದೂ ಎರಡು ಪ್ಲೇಟು. ಚಹದವನಿಗೆ ನನ್ನ ಗಡ್ಡೆ ಎಲ್ಲಿತ್ತು ಎಂಬುದನ್ನು ಕೈಯಿಂದ ತೋರಿಸಿಯೇ ಹೇಳಿದೆ. ಅವನು ಸಂಕೋಚದಿಂದ ಚಹಕ್ಕೆ ಮತ್ತೊಮ್ಮೆ ಸಕ್ಕರೆ ಹಾಕಿದ. ಗುರುತೇ ಇಲ್ಲದ ಮುದುಕನೊಬ್ಬನನ್ನು ತಬ್ಬಿಕೊಂಡೆ, ಅವನು ಮೊದಲು ತನ್ನ ಜೇಬು ಮುಟ್ಟಿನೋಡಿಕೊಂಡ. ಹೆಂಡತಿಗೆ ಹಸಿರು ಬಳೆ ಇಡಿಸಿದೆ. ಅವಳು ನಕ್ಕಳು, ಅಣ್ಣನೂ ನಕ್ಕ. ನಮ್ಮಷ್ಟು ಸುಖವಾಗಿ ಆ ದಿನ ಉದಗೀರದಲ್ಲಿ ಯಾರೂ ತಿರುಗಾಡಿರಲಿಕ್ಕಿಲ್ಲ.

ನಾಲ್ಕು ಗಂಟೆಗೆ ಡಾಕ್ಟರು ಕಾಗದ ನೋಡಿ, “ಏಳು,” ಅಂದರು.

“ಮೂರು,” ಅಂದೆ ನಾನು.

“ಕಾಕಾ, ಇದರಾಗ ಚೌಕಾಶಿ ಮಾಡಾಕ ಬರಂಗಿಲ್ಲ.”

ಅಂಚೆಲ್ಲ ಸ್ವಚ್ಛವಿದೆ, ಗಡ್ಡೆ ಪೂರ್ತಿ ಬಂದಿದೆ ಎಂದರು. ಆದರೂ ಮೂರು ವರ್ಷ ದಿನಕ್ಕೊಂದು ಗುಳಿಗೆ, ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್. “ಬಂದೇ ಬರ್ತದ ಅಂತೇನಿಲ್ಲ. ಬರಂಗಿಲ್ಲ ಅಂತ ಬರದು ಕೊಡಾಕೂ ಆಗಂಗಿಲ್ಲ.” ನನಗೆ ಹೆದರಿಕೆಯಾಯಿತು. ಜೊತೆಗೆ ಭಜಿ ತನ್ನ ಕೆಲಸ ಶುರುಮಾಡಿತ್ತು.

ಹೊರಗೆ ಬಂದಾಗ ಹೆಂಡತಿ ಮೆಲ್ಲಗೆ, “ನಂಗ ಮುಂಜಾನೇನ ಗೊತ್ತಿತ್ರಿ,” ಅಂದಳು. ಅವಳು ಉಮರ್ಗಾದ ಕಾಳಿನ ವ್ಯಾಪಾರಿಯ ಮಗಳು. “ಮೊದಲನೇ ಮಾತಿಗೇ ಟವೆಲ್ಲಿನ ಕೆಳಗ ಕೈ ಎರಡ ಸಲ ಆಡ್ತು. ಐದರ ಮ್ಯಾಲಿದ್ರನ ಎರಡ ಸಲ ಹಿಡೀತಾರ.”

“ಮತ್ತ ಸುಮ್ಮನ ಯಾಕ ಕೂತಿ?”

“ನೀವು ನಗ್ಲಿಕತ್ತಿದ್ರಿ. ಎಷ್ಟು ದಿನಾ ಆಗಿತ್ತು ನಕ್ಕು.”

ಸಿಟ್ಟೆಲ್ಲ ಅಣ್ಣನ ಮೇಲೆ ತಿರುಗಿತು. ಕ್ವಿಂಟಲ್ಲಿಗೆ ಎಂಟಾಣೆ ಬಿಡದೆ ರೈತರನ್ನು ಅಳಿಸುವ ಮನುಷ್ಯ ನನಗೆ ಏಳನ್ನು ಮೂರು ಮಾಡಿ ಕೊಟ್ಟಿದ್ದ. ಅಂಗಳದಲ್ಲಿಯೇ ನಿಲ್ಲಿಸಿ ಕೇಳಿದೆ: “ಯಾಕ ಇಳಿಸಿದಿ ಅಣ್ಣಾ? ಸುಳ್ಳ ಯಾಕ ಇಳಿಸಿದಿ?”

ಅವನು ನನ್ನ ಕಡೆ ನೋಡಲೇ ಇಲ್ಲ.

“ನೀ ಹಿಡದ ಬೆರಳು ಬಿಡ್ಲೇ ಇಲ್ಲ,” ಅಂದ. “ನಾ ಏನ್ ಮಾಡ್ಲಿ? ನನ್ನ ಮಾತು ನಡ್ಯಂಗಿದ್ರ ಸೊನ್ನಿಗೇ ಕೊಟ್ಟುಬಿಡ್ತಿದ್ದೆ.”