ಆಡವಾ ಅಂದರೋ, ಅಡವಾ ಅಂದರೋ

ನಮ್ಮ ತಂಡ ಚಾಂಪಿಯನ್‌ಶಿಪ್ ಗೆಲ್ಲುವುದು ಎಂದೂ ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಕೋಚ್ ಸರ್ ಅವರೇ. ಹೇಳುವಾಗ ಬಲಗೈಯ ತೋರುಬೆರಳನ್ನು ನಮ್ಮತ್ತ ಚಾಚಿದ್ದರು. ಆ ಬೆರಳು ನಡುವಿನ ಗೆಣ್ಣಿಗೇ ಮುಗಿದುಹೋಗಿತ್ತು. ತುದಿಯಲ್ಲಿ ಉಗುರಿಲ್ಲ, ನುಣುಪಾದ ಚರ್ಮ ಬೆಣಚುಕಲ್ಲಿನ ಹಾಗೆ ಹೊಳೆಯುತ್ತಿತ್ತು. ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದೆವು. ಮೊಂಡು ಬೆರಳು ಯಾರ ಕಡೆಗಿದೆ ಎಂದು ತಿಳಿಯದೆ ಪ್ರತಿಯೊಬ್ಬಳೂ ಅದು ತನಗೇ ಹೇಳಿದ ಮಾತು ಎಂದುಕೊಂಡಳು.

ನಮ್ಮದು ಮರಾಠಿ ಊರಿನ ಕಾಲೇಜು; ಅವರು ಮಾತಾಡಿದ್ದೂ ಮರಾಠಿಯಲ್ಲಿ. ನನಗೆ ಸಿಟ್ಟು ಬಂದಿತ್ತು. ಯಾರಿಗೂ ತಿಳಿಯುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಕನ್ನಡದಲ್ಲಿ ಗೊಣಗಿದೆ: "ಇಂವಾ ಯಾಂವ ಹೇಳಾಕ?"

ಹೊರಟಿದ್ದವರು ನಿಂತರು. ತಿರುಗಿ ನೋಡಿದರು.

"ನಾ ಯಾಂವ ಅನ್ನೂದು ಆಮ್ಯಾಲೆ ಹೇಳ್ತೀನಿ. ಯಾವೂರವಾ ನಿಂದು?"

"ಇಂಡಿ ಕಡೆ, ಸರ್" ಎಂದೆ. "ನಂದು ಅಥಣಿ. ಬೈಯೂದಿದ್ರ ಇನ್ನ ಮ್ಯಾಲ ಮನಸ್ಸಿನ್ಯಾಗ ಬೈ" ಎಂದು ನಕ್ಕು ಹೋದರು. ಅವತ್ತಿನಿಂದ ತಂಡಕ್ಕೆಲ್ಲ ಮರಾಠಿ, ನನಗೊಬ್ಬಳಿಗೆ ಕನ್ನಡ. ಮುಂದೆ ನಡೆದದ್ದೆಲ್ಲ ಇದರಿಂದಲೇ ನಡೆಯಿತು.

ನಾನಾಗ ಬಿ.ಕಾಂ. ಎರಡನೆಯ ವರ್ಷ. ಅಪ್ಪ ಇರಲಿಲ್ಲ. ಅವ್ವ ಭೋಸರಿಯ ಒಂದು ಕಾರ್ಖಾನೆಯಲ್ಲಿ ಗಾಡಿಗಳ ವೈರು ಜೋಡಿಸುತ್ತಿದ್ದಳು. ನಮ್ಮ ಎರಡೂ ಮನೆತನಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ. ಆದರೆ ಕೊನೆಯ ವರ್ಷಕ್ಕೆ ಹಾದಿ ಇರಲಿಲ್ಲ. ಅವ್ವನ ಪಕ್ಕದ ಬೆಂಚಿನಲ್ಲಿ ನನಗೊಂದು ಜಾಗ ಆಗಲೇ ಮಾತಾಗಿತ್ತು. ಉಳಿದಿದ್ದ ದಾರಿ ಒಂದೇ. ಅಂತರಕಾಲೇಜು ಬಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ ಗೆದ್ದ ತಂಡದವರಿಗೆ ಕೊನೆಯ ವರ್ಷದ ಫೀ ಮಾಫಿ ಎಂದು ಕಾಲೇಜು ಹೇಳಿತ್ತು. ನಮ್ಮ ಕಾಲೇಜು ಅದನ್ನು ಒಮ್ಮೆಯೂ ಗೆದ್ದಿರಲಿಲ್ಲವಾದ್ದರಿಂದ ಹಾಗೆ ಹೇಳಲು ಅವರಿಗೆ ಯಾವ ಕಷ್ಟವೂ ಇರಲಿಲ್ಲ.

ಸರ್ ಹಗಲು ಚಿಂಚವಾಡದ ಫ್ಯಾಕ್ಟರಿಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವ ಇನ್‌ಸ್ಪೆಕ್ಟರ್. ಸಂಜೆ ನಮ್ಮ ಕೋಚ್. ಸೀಟಿ ಮರೆತು ಬಂದಾರು, ಜೇಬಿನ ಉಕ್ಕಿನ ಟೇಪು ಮರೆಯುತ್ತಿರಲಿಲ್ಲ. ಎಲ್ಲಿಗೇ ಪಂದ್ಯಕ್ಕೆ ಹೋದರೂ ಮೊದಲು ಅಂಕಣದ ಮೂಲೆ ಮೂಲೆಯಲ್ಲಿ ಚೆಂಡು ಪುಟಿಸಿ, ಕಿವಿಗೊಟ್ಟು ಕೇಳಿ, "ಇಲ್ಲಿ ನೆಲ ಪೊಳ್ಳದ, ಚೆಂಡು ಏಳೂದಿಲ್ಲ" ಎಂದು ಗುರುತು ಮಾಡುತ್ತಿದ್ದರು. ಎದುರು ತಂಡದವರು ಅವರನ್ನು ಗುತ್ತಿಗೆದಾರ ಎಂದುಕೊಂಡದ್ದೂ ಉಂಟು.

ಅವರು ಬಂದ ಮೂರನೆಯ ದಿನ ಸ್ಟೂಲು ಹಾಕಿಕೊಂಡು ನಮ್ಮದೇ ರಿಂಗನ್ನು ಅಳೆದರು. ಇಳಿದು ಬಂದು ನಮ್ಮ ನಾಯಕಿ ಪ್ರಾಜಕ್ತಾಳನ್ನು ಕೇಳಿದರು: "ಹೊರಗೆ ಆಡುವಾಗ ನಿಮ್ಮ ಚೆಂಡು ರಿಂಗಿನ ಯಾವ ಅಂಚಿಗೆ ಬಡಿಯುತ್ತದೆ?" ಮುಂದಿನ ಅಂಚಿಗೆ ಎಂದಳು. ಯಾವಾಗಲೂ ಹಾಗೇ, ನಮ್ಮ ನಸೀಬೇ ಖೊಟ್ಟಿ ಎಂದಳು.

"ನಸೀಬಲ್ಲ. ಎರಡು ಇಂಚು" ಎಂದರು ಸರ್.

ಸೈಕಲ್ ಸ್ಟ್ಯಾಂಡಿನ ಪಕ್ಕದ ನಮ್ಮ ಸಿಮೆಂಟು ಅಂಕಣದ ರಿಂಗು ಎರಡು ಇಂಚು ತಗ್ಗಿನಲ್ಲಿತ್ತು! ತಗ್ಗಿದ ರಿಂಗಿಗೆ ಪಳಗಿದ ನಮ್ಮ ಕೈಗಳು ಬೇರೆ ಕಡೆ ಹೋದಾಗ ಅಷ್ಟೇ ಕಡಿಮೆ ಎಸೆಯುತ್ತಿದ್ದವು. ಹಿಂದಿನ ವರ್ಷವೆಲ್ಲ ನಾವು ದೇವರನ್ನು ಬೈದದ್ದು ಆ ಎರಡು ಇಂಚಿಗೆ. ಭಾನುವಾರ ಸರ್ ನಟ್ಟು ಬಿಚ್ಚುವ ಪಾನಾ ತಂದು ತಾವೇ ರಿಂಗನ್ನು ಎತ್ತಿ ಕೂರಿಸಿದರು. ಮುಂದಿನ ಹದಿನೈದು ದಿನ ನಮ್ಮಲ್ಲಿ ಒಬ್ಬಳ ಚೆಂಡೂ ಒಳಗೆ ಬೀಳಲಿಲ್ಲ. ಆಮೇಲೆ ಬೀಳತೊಡಗಿತು.

ಅದೃಷ್ಟಕ್ಕೆ ಅವರು ಫ್ಯಾಕ್ಟರಿಯ ಭಾಷೆಯಲ್ಲಿ 'ಹೆಚ್ಚು-ಕಮ್ಮಿ' ಎನ್ನುತ್ತಿದ್ದರು. "ಯಾವ ಪಾರ್ಟೂ ನಕ್ಷೆಯೊಳಗ ಇದ್ದಂಗ ಕೂದಲೆಳೆ ತಪ್ಪದ ಬರೂದಿಲ್ಲವಾ. ಇಷ್ಟು ಹೆಚ್ಚು-ಕಮ್ಮಿ ನಡೀತದ ಅಂತ ಮೊದಲ ಬರ್ದಿರ್ತಾರ. ಆಟದಾಗೂ ಅಷ್ಟ. ರಿಂಗ್ ನೋಡು, ಚೆಂಡಿನ ಎರಡು ಪಟ್ಟು ಅಗಲ ಅದ. ಆ ಖಾಲಿ ಜಾಗ ಯಾಕ ಬಿಟ್ಟಾರ? ಕಲ್ತ ಕೈಗೆ ಒಂದಿಷ್ಟು, ಹೆಚ್ಚು-ಕಮ್ಮಿಗೆ ಒಂದಿಷ್ಟು. ಎಷ್ಟೆಷ್ಟು ಅನ್ನೂದು ನನಗಿನ್ನೂ ಹತ್ತಿಲ್ಲ."

ಈ ಕೊನೆಯ ಮಾತಿಗಾಗಿಯೇ ನಾನು ಅವರನ್ನು ನಂಬಿದೆ. ಗೊತ್ತಿಲ್ಲ ಎಂದು ಹೇಳುವ ಮೇಷ್ಟ್ರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಒಮ್ಮೆ ಬೆರಳಿನ ಬಗ್ಗೆ ಕೇಳಿದೆ. ಅವರೂ ಕಾಲೇಜಿನಲ್ಲಿ ಆಡಿದವರಂತೆ. ರಜೆಯಲ್ಲಿ ತಗಡು ಒತ್ತುವ ಪ್ರೆಸ್ ಮಶಿನ್ನಿನ ಮೇಲೆ ಕೆಲಸಕ್ಕಿದ್ದಾಗ, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುವುದಕ್ಕೆ ಒಂದು ವಾರ ಮೊದಲು, ಬೆರಳು ಹೋಯಿತು.

"ಹಣೆಬರಹ, ಸರ್" ಎಂದುಬಿಟ್ಟೆ.

ಅವರು ನನ್ನ ಮೇಲೆ ರೇಗಿದ್ದು ಅದೊಂದೇ ಸಲ. "ಮಾಲು ಲಗೂ ಹೊರಗ ಬೀಳಲಿ ಅಂತ ಮಶಿನ್ನಿನ ಕೈ ಕಾಯೂ ಗಾರ್ಡ್ ಬಿಚ್ಚಿ ಇಟ್ಟಿದ್ರು. ಬಿಚ್ಚಿದಾಂವಗ ಒಂದು ಹೆಸರಿತ್ತು, ಬಿಚ್ಚು ಅಂದಾಂವಗ ಇನ್ನೊಂದು ಹೆಸರಿತ್ತು. ಅದಕ್ಯಾಕ ಹಣೆಬರಹ ಅಂತೀ? ಯಾವುದಕ್ಕ ಹಂಗ ಅನ್ನಬೇಕು, ಯಾವುದಕ್ಕ ಅನ್ನಬಾರದು, ಮೊದಲ ಅದನ್ನ ಕಲಿ."

ಆ ವರ್ಷ ನಾವು ಒಂದೊಂದೇ ಪಂದ್ಯ ಗೆಲ್ಲುತ್ತ ಹೋದೆವು. ಸೆಮಿಫೈನಲ್‌ನಲ್ಲಿ ಎದುರಾಳಿಗಳ ಅತಿ ಎತ್ತರದ ಹುಡುಗಿ ಜ್ವರ ಬಂದು ಮನೆಯಲ್ಲೇ ಉಳಿದಳು. ಗೆದ್ದು ಕುಣಿಯುತ್ತಿದ್ದ ನಮ್ಮನ್ನು ಸರ್ ತಡೆದರು: "ಇದು ಹೆಚ್ಚು-ಕಮ್ಮಿ. ಆ ಹುಡುಗಿಯ ಜ್ವರದಲ್ಲಿ ನಿಮ್ಮ ಕೈವಾಡ ಏನೂ ಇಲ್ಲ."

ಫೈನಲ್ ದಿನ ಅವ್ವ ಪಾಳಿ ಬದಲಿಸಿಕೊಂಡು, ಸೀರೆಯ ಮೇಲೆ ಕಾರ್ಖಾನೆಯ ನೀಲಿ ಅಂಗಿ ತೊಟ್ಟೇ ಬಂದಳು. ಸೆರಗಿನ ಗಂಟಿನಲ್ಲಿ ಜೇಜುರಿಯ ಖಂಡೋಬಾ ದೇವರ ಭಂಡಾರ, ಅರಿಶಿನದ ಪುಡಿ. ನನ್ನ ಹಣೆಗೆ ಹಚ್ಚಿ, ಅಂಗೈಗೂ ಹಚ್ಚಲು ಹೋದಾಗ ಸರ್ ಓಡಿ ಬಂದರು.

"ಅಂಗೈಗೆ ಬ್ಯಾಡ್ರೀ ಅಕ್ಕಾರ! ಚೆಂಡು ಜಾರ್ತದ. ಹಣಿ ಖಂಡೋಬಾಂದು, ಅಂಗೈ ನಂದು."

"ಹಂಗಂದ್ರ ಸೋತ್ರ ನೀವಽ ಜವಾಬ್ದಾರಿ ನೋಡ್ರಿ ಮತ್ತ" ಎಂದಳು ಅವ್ವ.

ಸರ್ ತಮ್ಮ ಹಣೆಯನ್ನೂ ಮುಂದೆ ಮಾಡಿದರು. ಅವ್ವ ಅಲ್ಲಿಗೂ ಹಚ್ಚಿದಳು.

ಕೊನೆಯ ಹತ್ತು ಸೆಕೆಂಡು. ನಾವು ಒಂದು ಅಂಕ ಹಿಂದೆ. ಚೆಂಡು ನನ್ನ ಕೈಯಲ್ಲಿತ್ತು. ನನ್ನೆದುರು ನಿಂತವಳು ನನಗಿಂತ ಗೇಣು ಎತ್ತರ. ಯಾರಿಗಾದರೂ ಕೊಟ್ಟುಬಿಡೋಣ, ಸೋತರೆ ನನ್ನ ಕೈಯಿಂದ ಬೇಡ ಎಂದು ಅಕ್ಕಪಕ್ಕ ನೋಡುತ್ತಿದ್ದೆ. ಕೊನೆಯ ವರ್ಷ, ಭೋಸರಿಯ ಬೆಂಚು ಎರಡೂ ಕಣ್ಣೆದುರಿಗಿದ್ದವು. ಆಗ ಸರ್ ಕೂಗು ಕೇಳಿಸಿತು: "ಆಡವಾ!"

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹಾಗೇ ಹೇಳುವುದು. ಬಾರವಾ, ಕೂಡವಾ, ಆಡವಾ. ಹೆದರಬೇಡ ತಾಯಿ, ಆಡು. ನಾನು ಚೆಂಡು ಪುಟಿಸಿಕೊಂಡು ನುಗ್ಗಿದೆ.

ಅದೇ ಕೂಗು ಪ್ರಾಜಕ್ತಾಳ ಕಿವಿಗೆ ಮರಾಠಿಯಾಗಿ ಬಿತ್ತು. ಮರಾಠಿಯಲ್ಲಿ 'ಅಡವಾ' ಎಂದರೆ ಅಡ್ಡಗಟ್ಟಿ, ತಡೆಯಿರಿ. ಅಡ್ಡ ನಿಂತು ಪೆಟ್ಟು ತಿನ್ನುವುದು ಅವಳಿಗೆ ಎಂದೂ ಆಗದ ಕೆಲಸ. ಆ ಹೊತ್ತಿನಲ್ಲಿ ರಿಂಗಿನ ಕೆಳಗೆ ಓಡಿ ಚೆಂಡು ಕೇಳುವ ಹುಡುಗಿ ಅವಳು. ಅವತ್ತು ಮಾತ್ರ ಕಂಬದ ಹಾಗೆ ಬಂದು ನಿಂತಳು. ನನ್ನನ್ನು ಬೆನ್ನಟ್ಟಿದ್ದವಳು ಅವಳಿಗೆ ಡಿಕ್ಕಿ ಹೊಡೆದು ನಿಂತಳು. ನನ್ನೆದುರು ಬಯಲು. ಎಸೆದೆ. ಚೆಂಡು ಹಿಂದಿನ ಅಂಚಿಗೆ ಬಡಿಯಿತು, ಮೇಲೆದ್ದಿತು, ಹಲಗೆಗೆ ತಾಗಿತು, ಅಂಚಿನ ಮೇಲೆ ಇನ್ನೊಮ್ಮೆ ಕುಣಿದು ಒಳಗೆ ಬಿತ್ತು.

ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಿದ್ದಾಗ ಸರ್ ರಿಂಗಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. ನಾನು ಹತ್ತಿರ ಹೋದೆ.

"ಹಿಂದಿನ ಅಂಚಿಗೆ ಹೋತಲ್ಲ, ಅದು ನಿಂದು. ಹ್ವಾದ ವರ್ಷದ ಕೈ ಇದ್ದಿದ್ರ ಮುಂದಿಂದಕ್ಕ ಬಡಿದು ಹೊಳ್ಳಿ ಬರ್ತಿತ್ತು. ಆಮ್ಯಾಲೆ ಕುಣೀತಲ್ಲ, ಅದು ನಿಂದಲ್ಲ" ಎಂದರು.

"ಮತ್ತ ನೀವು ಒದರಿದ್ದು, ಸರ್? ನನಗ 'ಆಡವಾ' ಅಂದ್ರೋ, ಅವರಿಗೆ 'ಅಡವಾ' ಅಂದ್ರೋ?"

"ನಿನಗೇನು ಕೇಳಿಸ್ತು?"

"ಆಡವಾ."

"ಆಡಿದ್ಯಲ್ಲ. ಮುಗೀತು."

ನನಗೆ ಮುಗಿಯಲಿಲ್ಲ. ತಡೆಯಿರಿ ಎಂದಿದ್ದರೆ ಅದು ಅವರ ಯುಕ್ತಿ, ನಾವು ಬುದ್ಧಿಯಿಂದ ಗೆದ್ದಂತೆ. ಆಡು ಎಂದಿದ್ದರೆ ಪ್ರಾಜಕ್ತಾ ತಪ್ಪು ಕೇಳಿಸಿಕೊಂಡದ್ದರಿಂದ ಗೆದ್ದಂತೆ. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಇತ್ತು. ಅದೆಷ್ಟು ಸಲ ನೋಡಿದೆನೋ! ಮೊದಲ ಅಕ್ಷರದ ಮೇಲೆ ಸರಿಯಾಗಿ ಒಬ್ಬ ಪುಣ್ಯಾತ್ಮ ಸೀಟಿ ಹೊಡೆದಿದ್ದಾನೆ. ಕೇಳುವುದು "ಡವಾ" ಅಷ್ಟೇ. ಪ್ರಾಜಕ್ತಾ ಇವತ್ತಿಗೂ 'ಅಡವಾ' ಎಂದೇ ಆಣೆ ಮಾಡುತ್ತಾಳೆ.

ಕೊನೆಯ ವರ್ಷವಿಡೀ ಸಿಕ್ಕಾಗಲೆಲ್ಲ ಕೇಳಿದೆ. ಒಮ್ಮೆ ನಕ್ಕರು. ಒಮ್ಮೆ, "ಅಕೌಂಟನ್ಸಿ ಪೇಪರ್ ಹ್ಯಾಂಗಾತು, ಅದನ್ನ ಹೇಳು" ಎಂದರು. ಪಾಸಾದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ, "ಇದರಾಗ ಹೆಚ್ಚು-ಕಮ್ಮಿ ಏನಿಲ್ಲ, ಪೂರಾ ನಿಂದಽ" ಎಂದರು. ಪದವಿ ಪ್ರಮಾಣಪತ್ರ ಕೈಗೆ ಬರುವ ಎರಡು ತಿಂಗಳು ಮೊದಲು, ಕೆಲಸದಿಂದ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ, ಎದೆ ಹಿಡಿದುಕೊಂಡು ಕುಳಿತ ಸರ್ ಮತ್ತೆ ಏಳಲಿಲ್ಲ.

ಪ್ರಮಾಣಪತ್ರ ಸಿಕ್ಕ ದಿನ ನಾನು ಅವ್ವನನ್ನು ಕರೆದುಕೊಂಡು ನೆಟ್ಟಗೆ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು; ಅವ್ವ ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆದಳು. ಗೋಡೆಯ ಮೇಲಿನ ಫೋಟೋದ ಕೆಳಗೆ ಆ ಉಕ್ಕಿನ ಟೇಪು ಇತ್ತು. ಚಹಾ ಕುಡಿಯುತ್ತ ನನ್ನಿಂದ ತಡೆಯಲಾಗಲಿಲ್ಲ. ಅವತ್ತು ಸರ್ ಕೂಗಿದ್ದು ಏನು, ಮನೆಯಲ್ಲಿ ಹೇಳಿದ್ದರೇ ಎಂದು ಕೇಳಿದೆ.

ಅವರು ನಕ್ಕರು, ಕಣ್ಣೊರೆಸಿಕೊಂಡರು. "ಅವರಿಗೂ ಗೊತ್ತಿರಲಿಲ್ಲವಾ. ಆ ವಿಡಿಯೋ ಹಚ್ಚಿಕೊಂಡು ನನ್ನನ್ನಽ ಕೇಳವರು, 'ನಾ ಏನಂದೆ ನೋಡಽ, ನಿನಗೇನು ಕೇಳಿಸ್ತದ' ಅಂತ. ಬಾಯಿಗೆ ಬಂದದ್ದು ಒದರೀನಿ, ಯಾವ ಭಾಷಾದಾಗ ಬಂತೋ ತಿಳೀಲಿಲ್ಲ ಅನ್ನವರು."

ಎಲ್ಲವನ್ನೂ ಅಳೆದವರ ಕೈಗೆ ಇದೊಂದು ಸಿಕ್ಕಿರಲಿಲ್ಲ. ನನಗೆ ಬೇಸರವಾಗಲಿಲ್ಲ, ಯಾಕೋ ನಗು ಬಂತು. ಚೀಲದಿಂದ ಪ್ರಮಾಣಪತ್ರ ತೆಗೆದು ಸರ್ ಅವರ ಹೆಂಡತಿಯ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಶಾಲೆಯ ಮಗುವಿನ ಹಾಗೆ ಬೆರಳಿಟ್ಟು, ಗಟ್ಟಿಯಾಗಿ ಓದಿದರು. ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಆಮೇಲೆ, ತಾಯಿಯ ಹೆಸರು ಎಂಬಲ್ಲಿ, ಅವ್ವನ ಹೆಸರು.

ಓದು ಬಾರದ ನನ್ನ ಅವ್ವ ಚಹಾದ ಕಪ್ಪು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

"ಇನ್ನೊಮ್ಮೆ ಓದ್ರಿ, ವೈನಿ."