ಅಮರನ ಪುಟಕ್ಕೆ ಬಿದ್ದ ಹಾರ

ಜಡಿಗೇನಹಳ್ಳಿಯ ಚಂದನಳಿಗೆ ಹೊಸಕೋಟೆಯ ಪುಟ್ಟ ಆಫೀಸೊಂದರಲ್ಲಿ ವೆಬ್‌ಸೈಟ್ ಕಟ್ಟುವ ಕೆಲಸ. ಹುಡುಗಿ ಚುರುಕು; ತಾನು ಚುರುಕು ಎಂಬುದು ಗೊತ್ತಿದ್ದದ್ದೇ ತುಸು ಹೆಚ್ಚಾಯಿತು ಅನ್ನಿ. ಕುಲದೇವರ ಒಕ್ಕಲುಗಳು ಸೇರಿ ಮಾಡಿಕೊಂಡ ಸಂಘಕ್ಕೂ ಅವಳೇ ಪುಕ್ಕಟೆಯಾಗಿ ಸೈಟ್ ಮಾಡಿಕೊಟ್ಟಿದ್ದಳು. ಒಬ್ಬೊಬ್ಬರಿಗೂ ಒಂದು ಪುಟ. ಪುಟ ಕಾಣುವ ಬಗೆಗೆ ಎರಡೇ ‘ವ್ಯೂ’: ಬದುಕಿರುವವರಿಗೆ ಫೋಟೊ, ಫೋನ್ ನಂಬರು, ತೀರಿಕೊಂಡವರಿಗೆ ಫೋಟೊ, ಅದಕ್ಕೊಂದು ಹಾರ, ಮುಂದೆ ದೀಪ. ಯಾರಿಗೆ ಯಾವುದು ಎಂಬುದನ್ನು ಕಾನ್ಫಿಗರೇಶನ್ ಫೈಲೊಂದರಲ್ಲಿ ಬರೆದಿಟ್ಟಿದ್ದಳು. ಪ್ರೋಗ್ರಾಂ ಮುಟ್ಟುವ ಗೋಜೇ ಇಲ್ಲ. ಫೈಲಿನಲ್ಲಿ ಒಂದು ಪದ ಬದಲಿಸಿದರೆ ಪುಟ ಬದಲಾಗುತ್ತಿತ್ತು.

ಆ ಫೈಲನ್ನು ಅವಳು ಮನೆತನದ ರೀತಿಯಲ್ಲೇ ಬರೆದಿದ್ದಳು. ಅಪ್ಪನ ಹೆಸರಿನ ಒಳಗೆ ಗಂಡುಮಕ್ಕಳು. ಮದುವೆಯಾದ ಹೆಣ್ಣುಮಕ್ಕಳು ಗಂಡನ ಮನೆಯ ಕಡೆ, ಗಂಡನ ಪಕ್ಕ ಬೇರೆಯದೇ ಸಾಲಿನಲ್ಲಿ. ಒಳಗಿರುವವರಿಗೆ ಬೇರೇನೂ ಬರೆಯದಿದ್ದರೆ ಮೇಲಿನವರ ವ್ಯೂ ತಾನಾಗಿಯೇ ಬರುತ್ತಿತ್ತು. ಕೆಲಸ ಉಳಿಯಿತೆಂದು ಆಗ ಬೀಗಿದ್ದಳು.

ಅಪ್ಪ ದೊಡ್ಡಮುನಿಯಪ್ಪ ತೀರಿಕೊಂಡರು. ತಿಥಿ ಮುಗಿದ ಮೇಲೆ ಚಂದನ ಅಳುತ್ತಲೇ ಅಪ್ಪನ ಹೆಸರಿನ ಮುಂದೆ ಆ ಪದ ಬದಲಿಸಿದಳು. ಆ ಹೆಸರಿನ ಒಳಗಿದ್ದವನು ಅಣ್ಣ ಅಮರ್ ಒಬ್ಬನೇ. ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟವನು ಅಪ್ಪನ ಮಣ್ಣಿಗೂ ಬಂದಿರಲಿಲ್ಲ. ಫೋನು ಸ್ವಿಚ್ ಆಫ್. ಆದರೂ ಇಂದಲ್ಲ ನಾಳೆ ಬರುತ್ತಾನೆಂದು ತಾಯಿ ಸಪ್ಪಲಮ್ಮ ಜೀವ ಹಿಡಿದುಕೊಂಡಿದ್ದರು.

ಮಾರನೆಯ ಬೆಳಗ್ಗೆ ಗಂಡನ ಪುಟ ನೋಡೋಣವೆಂದು ಮೊಬೈಲ್ ತೆರೆದ ಸಪ್ಪಲಮ್ಮನಿಗೆ, ಪಕ್ಕದ ಪುಟದಲ್ಲಿ ಮಗನ ಫೋಟೊಗೂ ಹಾರ ಕಂಡಿತು. ಅವರು ಕೂಗಿಕೊಂಡದ್ದಕ್ಕೆ ಬೀದಿಯವರೆಲ್ಲ ಬಂದು ನಿಂತರು.

ಗಂಡನ ಮನೆಯಿಂದ ಓಡಿಬಂದ ಚಂದನಳಿಗೆ ತನ್ನ ತಪ್ಪು ಕೂಡಲೇ ಹೊಳೆಯಿತು: ಅಪ್ಪನ ಹಾರ ಒಳಗಿದ್ದ ಅಣ್ಣನಿಗೂ ತಾನಾಗಿಯೇ ಇಳಿದಿತ್ತು. ಅಲ್ಲೇ ಕೂತು ಅಣ್ಣನ ಹೆಸರಿಗೆ ಬೇರೆಯಾಗಿ ಒಂದು ಸಾಲು ಸೇರಿಸಿದಳು. ಹಾರ, ದೀಪ ಎರಡೂ ಹೋಗಿ ಫೋನ್ ನಂಬರು ಮತ್ತೆ ಬಂತು.

“ಅಮ್ಮ, ನನ್ ತಪ್ಪು ಕಣಮ್ಮ. ಅಣ್ಣಂಗೇನೂ ಆಗಿಲ್ಲ, ನೋಡಿಲ್ಲಿ.”

ಸಪ್ಪಲಮ್ಮ ನೋಡಿದರು. “ಆ ನಂಬರ್‌ಗೆ ಫೋನ್ ಮಾಡವ್ವ,” ಎಂದರು. ಮಾಡಿದಳು. ಸ್ವಿಚ್ ಆಫ್.

“ಬೆಳಿಗ್ಗೆ ಇದ್ದಿದ್ದೇ ನಿಜ. ಸಂಘದೋರ್ಗೆ ಸುದ್ದಿ ಬಂದಿರ್ತದೆ. ನಾನು ತಡ್ಕೊಳ್ಳಲ್ಲ ಅಂತ ಈಗ ತೆಗ್ದಿದ್ದೀಯ.”

“ದೇವ್ರಾಣೆ ಇಲ್ಲಮ್ಮ!”

ಫೈಲು ತೆರೆದು ತೋರಿಸಿದಳು, ಒಂದೊಂದು ಸಾಲನ್ನೂ ಬಿಡಿಸಿ ಹೇಳಿದಳು, ಕೊನೆಗೆ ಕಾಲು ಹಿಡಿದುಕೊಂಡಳು. ತಾಯಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಮಗಳ ತಲೆ ಸವರುತ್ತಾ ಸಪ್ಪಲಮ್ಮ ಮೆಲ್ಲಗೆ ಕೇಳಿದರು:

“ಯಾವತ್ತು ಹೋದ್ನಂತೆ? ಆ ದಿನ ಒಂದು ಹೇಳ್ಬಿಡವ್ವ. ವರ್ಷಾ ವರ್ಷಾ ಎಡೆ ಇಡ್ಬೇಕಲ್ಲ.”